ಬೇವಿನ ಹಿಂಡಿಯ ಚೀಲ

ಹಸಿರಿನ ಕರೆ ಕೊಡಲು ಎದ್ದು ನಿಂತವರ ಪಂಚೆಯ ಹಿಂಭಾಗದಲ್ಲಿ ಕಪ್ಪು ಕರೆ ಇತ್ತು. ಒಂದಲ್ಲ, ಎರಡು. ಎರಡೂ ರಾಗಿ ರೊಟ್ಟಿಯಷ್ಟು ಅಗಲ, ಅಕ್ಕಪಕ್ಕ.

ಜಂಗಮಕೋಟೆಯ ಜಯರಾಮಪ್ಪನವರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೂರನೆಯ ದಿನ, ಬೆಳಗಿನ ಹತ್ತು ಗಂಟೆ. ಅವರ ರೇಷ್ಮೆ ಹುಳುಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹನ್ನೆರಡು ಮಂದಿ ಕೂತಿದ್ದರು. ಗೋದಾವರಿ ಕಡೆಯ ಒಂದು ಕಲ್ಲಿದ್ದಲು ಊರಿನವರು. ಕರೆದುಕೊಂಡು ಬಂದವನು ‘ಹೊಂಬಿಸಿಲು’ ಎಂಬ ಸಂಸ್ಥೆಯ ಹರಿಕೃಷ್ಣ. ಅವನು ಮೈಕಿಲ್ಲದೆಯೇ ಮೈಕಿನ ದನಿಯಲ್ಲಿ ಹೇಳಿದ:

“ಎರಡು ವರ್ಷದಿಂದ ಈ ಹುಳುಮನೇಲಿ ಒಂದು ಚೂರು ಇದ್ದಿಲು ಉರಿದಿಲ್ಲ. ಎಲ್ಲಾ ಸೂರ್ಯನ ಶಾಖ! ನಮ್ಮ ಸೋಲಾರ್ ಜಯರಾಮಪ್ಪನೋರು!”

ಚಪ್ಪಾಳೆ ಬಿತ್ತು. ಜಯರಾಮಪ್ಪನವರು ಎದ್ದು ಕೈ ಮುಗಿದರು. ಆಮೇಲೆ ಚಾವಣಿಯ ಮೇಲಿನ ಬಿಸಿಲು ಫಲಕ ತೋರಿಸಲು ಅತ್ತ ತಿರುಗಿದರು. ಚಪ್ಪಾಳೆ ಅರ್ಧಕ್ಕೇ ನಿಂತಿತು.

ಬಾಗಿಲಲ್ಲಿದ್ದ ಹೆಂಡತಿ ಅಶ್ವತ್ಥಮ್ಮ, “ರೀ, ಹಿಂದೆ!” ಎಂದರು.

ಹಿಂದೆ ಯಾರೋ ನಿಂತಿದ್ದಾರೆ ಎಂದುಕೊಂಡು ಜಯರಾಮಪ್ಪನವರು ಮತ್ತೊಮ್ಮೆ ಪೂರ್ತಿ ತಿರುಗಿದರು. ಹೀಗೆ, ಮೊದಲ ಸಲ ನೋಡಲಾಗದೆ ಉಳಿದಿದ್ದ ಹರಿಕೃಷ್ಣನಿಗೂ ದರ್ಶನವಾಯಿತು.

“ಬೇವಿನ ಹಿಂಡಿ,” ಎಂದರು ಜಯರಾಮಪ್ಪನವರು, ಪಂಚೆಯನ್ನು ಮುಂದಕ್ಕೆ ಎಳೆದು ನೋಡಿಕೊಂಡು. “ಬೇವಿನ ಹಿಂಡಿ ಚೀಲದ ಮೇಲೆ ಕೂತಿದ್ದೆ.”

ಬೇವಿನ ಹಿಂಡಿ ಕಪ್ಪಲ್ಲ, ಕಂದು ಬಣ್ಣ ಎಂಬುದು ಯಾವ ರೈತನಿಗಾದರೂ ಗೊತ್ತು. ಅದೃಷ್ಟಕ್ಕೆ ಕುರ್ಚಿಗಳಲ್ಲಿ ರೈತರು ಇರಲಿಲ್ಲ. ದುರದೃಷ್ಟಕ್ಕೆ ಇದ್ದವರು ಗಣಿಯವರು. ಎರಡನೇ ಸಾಲಿನಲ್ಲಿ ಕೂತಿದ್ದ ಕೊಂಡಪ್ಪ ಎಂಬಾತ, ಐವತ್ತೈದರ ಗಟ್ಟಿ ಆಳು, ಆ ಕರೆಗಳನ್ನು ಹಳೆಯ ನೆಂಟರನ್ನು ಕಂಡವನಂತೆ ದಿಟ್ಟಿಸಿದ. ಆಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡ.

ಜಯರಾಮಪ್ಪನವರು ಪಂಚೆ ಬದಲಾಯಿಸಲು ಒಳಗೆ ಓಡಿದರು. ಅಷ್ಟರಲ್ಲಿ ನಿಜ ಹೇಳಿಬಿಡೋಣ. ಅವರು ಕೂತಿದ್ದ ಚೀಲದ ಮೇಲೆ ‘ಬೇವಿನ ಹಿಂಡಿ’ ಎಂದು ಅಚ್ಚಾಗಿದ್ದುದು ಸತ್ಯ. ಒಳಗೆ ಇದ್ದುದು ಇದ್ದಿಲು. ಹರಿಕೃಷ್ಣ ಅರ್ಧ ಗಂಟೆ ಮೊದಲೇ ಬಂದು, “ಅಣ್ಣಾ, ಕುರ್ಚಿ ಎಲ್ಲಿ?” ಎನ್ನುತ್ತ ಉಗ್ರಾಣದ ಕೋಣೆಗೇ ನುಗ್ಗಿಬಿಟ್ಟಿದ್ದ. ಚೀಲದ ಬಾಯಿ ತೆರೆದಿತ್ತು. ಬೇರೆ ದಾರಿ ತೋಚದೆ ಜಯರಾಮಪ್ಪನವರು ಅದರ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತರು. ಹರಿಕೃಷ್ಣ ಹೋಗುವವರೆಗೂ ಏಳಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಸೋತವರು ಐವತ್ತಾರನೆಯ ವಯಸ್ಸಿಗೆ ಸೋಲಾರ್ ಆದದ್ದು ಒಂದು ಕಥೆ. ಇದ್ದಿಲು ಬಿಡಲಾರದೆ ಹೋದದ್ದು ಅದಕ್ಕಿಂತ ಹಳೆಯದು.

ರೇಷ್ಮೆ ಹುಳಕ್ಕೆ ಚಳಿ ಆಗದು. ಚಳಿಗಾಲದಲ್ಲಿ ಬೆಳಗಿನ ಜಾವ ಈ ಕಡೆ ಹದಿಮೂರು, ಹದಿನಾಲ್ಕು ಡಿಗ್ರಿಗೆ ಇಳಿದರೆ ಹುಳುಮನೆಯೊಳಗೆ ಇಪ್ಪತ್ತೈದು ಇರಬೇಕು. ಅದಕ್ಕೇ ಹಿಂದಿನವರು ಕಬ್ಬಿಣದ ಬಾಂಡ್ಲಿಯಲ್ಲಿ ಇದ್ದಿಲು ಹೊತ್ತಿಸಿ, ಹೊಗೆ ಆರಿಸಿ, ಕೆಂಡವಾದ ಮೇಲೆ ಒಳಗೆ ಇಡುತ್ತಿದ್ದರು. ಜಯರಾಮಪ್ಪನವರ ತಂದೆ ಮುನಿಗಂಗಪ್ಪ ಆ ಬಾಂಡ್ಲಿಯನ್ನು ದೇವರ ಪೆಟ್ಟಿಗೆ ಎತ್ತುವಂತೆ ಎತ್ತುತ್ತಿದ್ದರು.

ಜಯರಾಮಪ್ಪನವರಿಗೆ ಹತ್ತೊಂಬತ್ತಾದಾಗ ಒಂದು ಜನವರಿಯಲ್ಲಿ ತಂದೆ ಮದುವೆಯೊಂದಕ್ಕೆ ಚಿಂತಾಮಣಿಗೆ ಹೋದರು. ಹುಳು ಮೂರನೇ ಜ್ವರದಲ್ಲಿತ್ತು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು ಅಲ್ಲಾಡದೆ ಮಲಗುವುದಕ್ಕೆ ಇಲ್ಲಿ ಜ್ವರ ಎಂದೇ ಹೆಸರು. “ಕೆಂಡ ನೋಡ್ಕೊಳ್ಳೋ,” ಎಂದಷ್ಟೇ ಹೇಳಿ ಹೋದರು ತಂದೆ. ಮಗ ಕಳವಾರದ ಗೆಳೆಯನ ಮನೆಗೆ ಸೈಕಲ್ ತುಳಿದ. ಇಬ್ಬರೂ ಸ್ಕಂದಗಿರಿ ಹತ್ತಿದರು. ಆಗಿನ್ನೂ ಅಲ್ಲಿಗೆ ಬೆಂಗಳೂರಿನವರು ಟಿಕೆಟ್ ತೆಗೆದುಕೊಂಡು ಬರುತ್ತಿರಲಿಲ್ಲ. ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ಕಣ್ತುಂಬ ನೋಡಿ ಬಂದಾಗ ಬಾಂಡ್ಲಿಯಲ್ಲಿ ಬೂದಿ ಇತ್ತು. ಜ್ವರಕ್ಕೆ ಹೋದ ಹುಳು ಅರ್ಧಕ್ಕರ್ಧ ಏಳಲೇ ಇಲ್ಲ.

ತಂದೆ ಹೊಡೆಯಲಿಲ್ಲ, ಬಯ್ಯಲಿಲ್ಲ. ತಟ್ಟೆ ತಟ್ಟೆ ಹುಳುವನ್ನು ತಾವೇ ಹೊತ್ತು ತಿಪ್ಪೆಗೆ ಸುರಿದರು. ಅಂದಿನಿಂದ ಸಾಯುವವರೆಗೆ ಮಗನ ಕೈಗೆ ಬಾಂಡ್ಲಿ ಕೊಡಲಿಲ್ಲ. ಹಾಸಿಗೆ ಹಿಡಿದ ಮೇಲೂ “ಕೆಂಡ ಇದೆಯೇನಮ್ಮಾ?” ಎಂದು ಸೊಸೆಯನ್ನು ಕೇಳುತ್ತಿದ್ದರೇ ಹೊರತು ಪಕ್ಕದಲ್ಲೇ ಕೂತಿದ್ದ ಮಗನನ್ನಲ್ಲ.

ಹೀಗಿರುವಾಗ ‘ಹೊಂಬಿಸಿಲು’ ಬಂತು. ಚಾವಣಿಯ ಮೇಲೆ ಹಗಲೆಲ್ಲ ನೀರು ಕಾಯುತ್ತದೆ, ದಪ್ಪ ಹೊದಿಕೆಯ ಟ್ಯಾಂಕಿನಲ್ಲಿ ಬಿಸಿ ಉಳಿಯುತ್ತದೆ, ರಾತ್ರಿ ಅದೇ ನೀರು ಹುಳುಮನೆಯ ಗೋಡೆಗುಂಟ ಕೊಳವೆಯಲ್ಲಿ ಸುತ್ತುತ್ತದೆ. ಹೊಗೆ ಇಲ್ಲ, ಬೂದಿ ಇಲ್ಲ. ಜಯರಾಮಪ್ಪನವರು ಒಪ್ಪಿದರು. ಒಪ್ಪಿದ್ದಕ್ಕೆ ಹೆಸರು ಬಂತು. ಸಂಸ್ಥೆಯ ಕ್ಯಾಲೆಂಡರಿನಲ್ಲಿ ಅವರೇ ಫೆಬ್ರವರಿ. ಚಿಂತಾಮಣಿಯಲ್ಲಿ ಭಾಷಣ, ಗೌರಿಬಿದನೂರಿನಲ್ಲಿ ಭಾಷಣ. “ಹುಳದ ಮಾತಿರಲಿ, ನಾನು ಬೆಳಿಗ್ಗೆ ಸ್ನಾನ ಮಾಡೋ ನೀರೂ ಸೂರ್ಯ ಕಾಯಿಸಿದ್ದೇ!” ಎಂದು ಅವರು ಅಂದಾಗಲೆಲ್ಲ ಸಭೆ ನಗುತ್ತಿತ್ತು.

ಆದರೆ ಕೆಂಡ ಕಣ್ಣಿಗೆ ಕಾಣುತ್ತದೆ, ಕೊಳವೆಯೊಳಗಿನ ಬಿಸಿ ಕಾಣುವುದಿಲ್ಲ. ಮೊದಲ ಚಳಿಗಾಲದ ಮೊದಲ ಸಂಜೆಯೇ ಅವರಿಗೆ ತಿಪ್ಪೆಯ ನೆನಪಾಯಿತು. ಇದೊಂದು ಬೆಳೆಗೆ ಮಾತ್ರ ಎಂದುಕೊಂಡು ಹಳೆಯ ಬಾಂಡ್ಲಿಯನ್ನು, ಹುಳದ ತಟ್ಟೆ ಜೋಡಿಸುವ ಕಡೆಯ ಸ್ಟ್ಯಾಂಡಿನ ಕೆಳಗೆ ಇಟ್ಟರು. ಬೆಳಿಗ್ಗೆ ಐದಕ್ಕೆ ಬಂದರೆ ಥರ್ಮಾಮೀಟರಿನಲ್ಲಿ ಇಪ್ಪತ್ತೈದು, ಬಾಂಡ್ಲಿಯಲ್ಲಿ ಬೂದಿ. ಅವರು ಬಾಂಡ್ಲಿಗೆ ಕೈ ಮುಗಿದರು. ಅಲ್ಲಿಂದ ಎರಡು ಚಳಿಗಾಲ. ಗೌರಿಬಿದನೂರಿನಲ್ಲಿ ಭಾಷಣ ಮುಗಿಸಿ, ಹಾರ ತೆಗೆದು ಸ್ಕೂಟರಿಗೆ ಸಿಕ್ಕಿಸಿ, ಅಲ್ಲೇ ಹಿಂದಿನ ಬೀದಿಯ ಕೋನಪ್ಪನ ಅಂಗಡಿಯಿಂದ ಇದ್ದಿಲು ತರುತ್ತಿದ್ದರು. ಇಸ್ತ್ರಿ ಅಂಗಡಿಗಳಿಗೆ ಇದ್ದಿಲು ಮಾರುವ ಕೋನಪ್ಪ, “ಏನ್ ಸ್ವಾಮಿ, ಇಸ್ತ್ರಿ ಜೋರಾ?” ಎಂದರೆ, “ಹೂಂ, ಬಟ್ಟೆ ಜಾಸ್ತಿ,” ಎನ್ನುತ್ತಿದ್ದರು. ಹುಳುಮನೆಯಲ್ಲಿ ಹುಳುಕು ಹೀಗೆ ಸೇರಿಕೊಂಡಿತು.

ಹೊಸ ಪಂಚೆಯಲ್ಲಿ ಹೊರಬಂದಾಗ ಬಾಗಿಲ ಬಳಿಯ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಎಲ್ಲರೂ ಕಾಲು ಅದ್ದಿ ಒಳಗೆ ಹೋಗುತ್ತಿದ್ದರು. ತಂಡದ ಮುಂದಾಳು ಭಾನುಪ್ರಿಯಾ. ಮೂವತ್ತು ದಾಟಿರದ ಹೆಂಗಸು, ಅವರೂರಿನ ಮಹಿಳಾ ಸಂಘದ ಅಧ್ಯಕ್ಷೆ. ಮಾತೆಲ್ಲ ತೆಲುಗಿನಲ್ಲಿ ನಡೆಯಿತು. ಜಂಗಮಕೋಟೆಯವರಿಗೆ ಅದೇನೂ ಕಷ್ಟವಲ್ಲ.

“ಬಾಬಾಯ್,” ಎಂದಳು ಅವಳು, ಚಿಕ್ಕಪ್ಪನನ್ನು ಕರೆಯುವಂತೆ. “ನಮ್ಮ ಗಣಿ ಇನ್ನು ಮೂರು ವರ್ಷಕ್ಕೆ ಮುಚ್ಚುತ್ತೆ. ನಲವತ್ತು ಮನೆಯೋರು ರೇಷ್ಮೆಗೆ ಹೆಸರು ಕೊಟ್ಟವ್ರೆ. ಯೋಜನೆಯೋರು ದುಡ್ಡು ಕೊಡೋದು ಬಿಸಿಲಿನ ಶಾಖಕ್ಕೆ ಮಾತ್ರ. ಬೆಂಕಿ ಇಡಂಗಿಲ್ಲ. ನಮ್ಮ ಕಡೆ ಚಳಿ ನಿಮಗಿಂತ ಜೋರು. ನಾನು ವಾಪಸ್ ಹೋಗಿ ‘ಆಗುತ್ತೆ’ ಅಂದ್ರೆ ಅವರು ಶುರು ಮಾಡ್ತಾರೆ. ‘ಆಗಲ್ಲ’ ಅಂದ್ರೆ ಬಿಡ್ತಾರೆ. ಅದಕ್ಕೆ ಕೇಳ್ತೀನಿ. ನಿಜವಾಗ್ಲೂ ಕೆಂಡ ಇಡಲ್ವಾ?”

ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳು ಹಿಪ್ಪುನೇರಳೆ ಎಲೆಯನ್ನು ಕರಕರ ತಿನ್ನುತ್ತಿತ್ತು. ಜಯರಾಮಪ್ಪನವರು ಹರಿಕೃಷ್ಣನ ಮುಖ ನೋಡಿದರು. ಹರಿಕೃಷ್ಣ ಫೆಬ್ರವರಿ ತಿಂಗಳನ್ನು ನೋಡುವಂತೆ ಇವರನ್ನೇ ನೋಡುತ್ತಿದ್ದ.

“ಒಂದು ಕೆಂಡಾನೂ ಇಲ್ಲಮ್ಮ,” ಎಂದರು.

ಭಾನುಪ್ರಿಯಾ ಕೊಳವೆಯ ಮೇಲೆ ಅಂಗೈ ಇಟ್ಟು ನೋಡಿದಳು. ನೋಟ್‌ಬುಕ್ಕು ತೆಗೆದು ಬರೆದಳು. ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿದಳು: “ಒಂದು ಕೆಂಡವೂ ಇಲ್ಲ. ಜಯರಾಮಪ್ಪ ಬಾಬಾಯ್ ಮಾತು.”

ಆಗಲೇ ಜಯರಾಮಪ್ಪನವರ ಕಣ್ಣು ಕಡೆಯ ಸ್ಟ್ಯಾಂಡಿನತ್ತ ಹೋಯಿತು. ಕೊಂಡಪ್ಪ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬಾಂಡ್ಲಿಯನ್ನು ಬೆಳಿಗ್ಗೆಯೇ ತೆಗೆದು ಬಚ್ಚಿಟ್ಟಾಗಿತ್ತು. ಆದರೆ ಬಾಂಡ್ಲಿ ಕೂತು ಕೂತು ನೆಲದ ಸಿಮೆಂಟಿನ ಮೇಲೆ ಒಂದು ದುಂಡು ಗುರುತು ಮೂಡಿತ್ತು. ಕೊಂಡಪ್ಪ ಅದರ ಮೇಲೆ ಬೆರಳಾಡಿಸಿದ. ಏನನ್ನೋ ಎತ್ತಿ, ಮೂಸಿ, ಅಂಗಿಯ ಜೇಬಿಗೆ ಹಾಕಿಕೊಂಡ. ತಲೆ ಎತ್ತಿದಾಗ ಇಬ್ಬರ ಕಣ್ಣೂ ಕೂಡಿದವು. ಜಯರಾಮಪ್ಪನವರು ಗೋಡೆಯ ಮೇಲಿನ ಥರ್ಮಾಮೀಟರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮಧ್ಯಾಹ್ನ ಮುದ್ದೆ, ಹಿತಕಿದ ಅವರೆಕಾಳಿನ ಹುಳಿ. ಊಟಕ್ಕೆ ಮುಂಚೆ ತೊಟ್ಟಿಯ ಹತ್ತಿರ ಕೈ ತೊಳೆಯುವಾಗ ಕೊಂಡಪ್ಪ ಪಕ್ಕಕ್ಕೆ ಬಂದ. ಜೇಬಿನಿಂದ ಕಡಲೆ ಗಾತ್ರದ ಇದ್ದಿಲ ಚೂರು ತೆಗೆದು ಜಯರಾಮಪ್ಪನವರ ಒದ್ದೆ ಅಂಗೈಯಲ್ಲಿ ಇಟ್ಟ.

“ನಿಮ್ಮದು ಅಣ್ಣಾ. ಬಿದ್ದಿತ್ತು.”

ಜಯರಾಮಪ್ಪನವರು ಮುಷ್ಟಿ ಮುಚ್ಚಿದರು.

“ಇಪ್ಪತ್ತೆಂಟು ವರ್ಷ ನೆಲದೊಳಗೆ ಕೆಲಸ ಮಾಡಿದೋನು ನಾನು,” ಎಂದ ಕೊಂಡಪ್ಪ, ದನಿ ತಗ್ಗಿಸಿ. “ಯಾವುದು ಕಲ್ಲಿದ್ದಲು, ಯಾವುದು ಸೌದೆ ಇದ್ದಿಲು, ಯಾವುದು ಬೇವಿನ ಹಿಂಡಿ ಅಂತ ಕಣ್ಣು ಕಟ್ಟಿದ್ರೂ ಹೇಳ್ತೀನಿ. ನಿಮ್ಮ ಪಂಚೆ ನೋಡಿದಾಗ್ಲೇ ಗೊತ್ತಾಯ್ತು. ಹೆದರಬೇಡಿ, ಯಾರಿಗೂ ಹೇಳಲ್ಲ. ಊರೂರಿಗೆ ಕಪ್ಪು ಕಳಿಸಿದೋನು ನಾನು, ನಿಮಗೇನು ಹೇಳ್ಲಿ?”

“ಅದು... ಬರೀ ಒಂದು ಧೈರ್ಯಕ್ಕೆ ಕೊಂಡಪ್ಪಾ.”

“ಇರ್ಲಿ ಬಿಡಿ. ಆ ಹುಡುಗಿ ಭಾನುಪ್ರಿಯಾದೇ ಯೋಚ್ನೆ. ಮೊದಲು ನಮಗೆ ಅಣಬೆ ಬೆಳೀರಿ ಅಂದ್ರು. ಶೆಡ್ ಹಾಕಿದ್ವಿ. ಈಗ ಅಲ್ಲಿ ಕೋಳಿ ಮಲಗ್ತವೆ. ಆಮೇಲೆ ಹೊಲಿಗೆ ಮೆಷಿನ್ ಕೊಟ್ರು. ಬೀದಿ ತುಂಬಾ ಮೆಷಿನ್ನು, ಹೊಲಿಸೋಕೆ ಬಟ್ಟೆ ಯಾರತ್ರ ಐತೆ? ಗಣಿ ಮುಚ್ಚಿದ ಮೇಲೆ ಆ ಜಾಗದಲ್ಲಿ ಸೋಲಾರ್ ಹಾಕ್ತಾರಂತೆ. ಒಳ್ಳೇದೇ. ಆದ್ರೆ ಗಣಿಗೆ ಆರುನೂರು ಆಳು ಬೇಕು, ಗಾಜಿನ ಹಲಗೆ ಕಾಯೋಕೆ ಐದು ಜನ ಸಾಕು.” ಅವನು ಕೈ ಒದರಿಕೊಂಡ. “ಈ ಸಲ ಹುಳ ಸತ್ರೆ ನಿಮ್ಮನ್ನ ಯಾರೂ ಬಯ್ಯಲ್ಲ, ನೀವು ದೂರ ಇದ್ದೀರಿ. ಅವಳು ಅದೇ ಬೀದೀಲಿ ಇರ್ಬೇಕು. ಅಷ್ಟೇ.”

ಅಷ್ಟೇ ಎಂದು ಅವನು ಊಟಕ್ಕೆ ಹೋದ. ಬಯ್ದಿದ್ದರೆ ಜಯರಾಮಪ್ಪನವರು ತಿರುಗಿ ಬಯ್ಯಬಹುದಿತ್ತು. ಅಪ್ಪನೂ ಹೀಗೇ, ಬಯ್ಯದೆ ಕೊಂದರು. ಅಗಿಯದೆ ನುಂಗುವ ಮುದ್ದೆಯನ್ನು ಅಂದು ಅವರು ಅಗಿಯುತ್ತ ಕೂತರು. ಎದುರು ಸಾಲಿನಲ್ಲಿ ಭಾನುಪ್ರಿಯಾ ಎಡಗೈಯಲ್ಲಿ ನೋಟ್‌ಬುಕ್ಕು ಹಿಡಿದೇ ಉಣ್ಣುತ್ತಿದ್ದಳು, ಕೆಳಗಿಟ್ಟರೆ ಎಲ್ಲಿ ಹುಳಿ ತಾಗುತ್ತದೋ ಎಂದು. ಅದರಲ್ಲಿ ಅವರ ಮಾತಿತ್ತು. ಮಾತಿನ ಕೆಳಗೆ ನಲವತ್ತು ಮನೆ.

“ಇನ್ನೊಂದು ಚೂರು ಹುಳಿ ಹಾಕ್ಲೇನ್ರೀ?” ಎಂದರು ಅಶ್ವತ್ಥಮ್ಮ.

“ಬೇಡ.”

“ಮೈಗೆ ಹುಷಾರಿಲ್ವಾ? ಪಂಚೆ ಕರೆ ಹೋಗುತ್ತೆ ಬಿಡ್ರೀ, ಸೋಪು ಹಾಕಿ ನೆನೆಸಿದ್ದೀನಿ.”

“ಹೋಗಲ್ಲ,” ಎಂದರು ಜಯರಾಮಪ್ಪನವರು.

ಮೂರು ಗಂಟೆಗೆ ಚಹಾ. ಹರಿಕೃಷ್ಣನಿಗೆ ಒಂದು ಗುಂಪಿನ ಫೋಟೋ ಬೇಕಿತ್ತು. ಎಲ್ಲರನ್ನೂ ಉಗ್ರಾಣದ ಮುಂದೆ ನಿಲ್ಲಿಸಿ, ನಡುವೆ ಜಯರಾಮಪ್ಪನವರ ಕೈಗೆ ಒಂದು ರಟ್ಟಿನ ಫಲಕ ಕೊಟ್ಟ. ಅದರ ಮೇಲೆ ‘ಇದ್ದಿಲಿಗೆ ವಿದಾಯ’ ಎಂದಿತ್ತು.

“ಸ್ವಲ್ಪ ಮೇಲೆ ಹಿಡೀರಣ್ಣಾ. ಮುಖ ಮುಚ್ತಾ ಐತೆ.”

ಮುಖ ಮುಚ್ಚುವುದೇ ವಾಸಿ ಎಂದು ಜಯರಾಮಪ್ಪನವರಿಗೆ ಅನ್ನಿಸಿತು. ಫಲಕ ಎತ್ತಿದರು. ಇಳಿಸಿದರು. ಪಕ್ಕದಲ್ಲಿದ್ದ ಕೊಂಡಪ್ಪನ ಕೈಗೆ ಅದನ್ನು ಕೊಟ್ಟು ಉಗ್ರಾಣದೊಳಗೆ ಹೋದರು. ಚೀಲವನ್ನು ಎರಡು ಕಿವಿ ಹಿಡಿದು ಹೊರಗೆ ಎಳೆದು ತಂದು, ಎಲ್ಲರ ಎದುರಿಗೆ ಮಗುಚಿದರು. ಇದ್ದಿಲು ಗಲಗಲ ಅಂಗಳಕ್ಕೆ ಸುರಿಯಿತು.

“ಬೇವಿನ ಹಿಂಡಿ ಅಲ್ಲ ಇದು,” ಎಂದರು.

ಹರಿಕೃಷ್ಣನ ಕೈಯಲ್ಲಿ ಫೋನು ಹಾಗೇ ಮೇಲೆ ನಿಂತಿತ್ತು. “ಯಾರ್ದಣ್ಣ ಇದು?”

“ನಂದೇ.”

“ಹಳೇದಾ?” ಅವನ ದನಿಯಲ್ಲಿ ಇನ್ನೂ ಆಸೆ ಇತ್ತು.

“ಹೋದ ವಾರದ್ದು.”

“ಅಯ್ಯೋ ಅಣ್ಣಾ! ಕ್ಯಾಲೆಂಡರ್ ಎಲ್ಲಾ ಊರಿಗೂ ಹೋಗೈತೆ!”

ಜಯರಾಮಪ್ಪನವರು ಅವನತ್ತ ನೋಡಲಿಲ್ಲ. ಭಾನುಪ್ರಿಯಾಳ ಕಾಲಿನ ಹತ್ತಿರದ ನೆಲ ನೋಡಿಕೊಂಡು ಹೇಳಿದರು. “ಎರಡು ವರ್ಷದಲ್ಲಿ ಚಳಿಗಾಲದ ಒಂದು ಬೆಳೆನೂ ನಾನು ಕೆಂಡ ಇಲ್ದೆ ತೆಗ್ದಿಲ್ಲಮ್ಮ. ದಿನಾ ಸಾಯಂಕಾಲ ಬಾಂಡ್ಲಿ ಇಡ್ತೀನಿ. ಬಿಸಿಲಿನ ಶಾಖ ಒಂದೇ ಸಾಕಾಗುತ್ತೋ ಇಲ್ವೋ, ನನಗೇ ಗೊತ್ತಿಲ್ಲ. ಬೆಳಿಗ್ಗೆ ಹೇಳಿದ್ದು ಸುಳ್ಳು. ಬರ್ದಿರೋದು ಹೊಡೆದುಹಾಕು.”

ಭಾನುಪ್ರಿಯಾ ನೋಟ್‌ಬುಕ್ಕು ತೆರೆದು ಆ ಸಾಲಿನ ಮೇಲೆ ಗೀಟು ಎಳೆದಳು. ನಿಧಾನವಾಗಿ ಎಳೆದಳು. ಆ ಗೀಟಿನ ಸದ್ದು ಜಯರಾಮಪ್ಪನವರ ಬೆನ್ನಿನವರೆಗೆ ಕೇಳಿತು.

“ಹೇಳಿದ್ರಲ್ಲ ಬಾಬಾಯ್, ಒಳ್ಳೇದಾಯ್ತು,” ಎಂದಳು. “ಊರಲ್ಲಿ ಆಗಲ್ಲ ಅಂತ ಹೇಳ್ತೀನಿ.”

“ಏಯ್, ತಡಿಯಮ್ಮ,” ಎಂದರು ಅಶ್ವತ್ಥಮ್ಮ.

ಅವರು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಜಗಲಿಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅಂಗಳಕ್ಕೆ ಬಂದರು.

“ಈ ಮನುಷ್ಯ ಬಾಂಡ್ಲಿ ಇಡೋದು ನಿಜ. ಬೆಳಿಗ್ಗೆ ಬಂದು ಕೈ ಮುಗಿಯೋದೂ ನಿಜ. ಮಧ್ಯದಲ್ಲಿ ಏನಾಗುತ್ತೆ ಅಂತ ಇವರಿಗೇನು ಗೊತ್ತು? ಇವರು ಊಟ ಮಾಡಿ ಗೊರಕೆ ಶುರು ಮಾಡಿದ್ದೇ ತಡ, ನಾನು ಕೆಂಡ ಎಲ್ಲಾ ಎತ್ತಿ ಬಚ್ಚಲ ಒಲೆಗೆ ಹಾಕ್ಬಿಡ್ತೀನಿ. ಬರೀ ಬೂದಿ ಬಿಟ್ಟು ಬಾಂಡ್ಲಿ ಅಲ್ಲೇ ಇಡ್ತೀನಿ.”

“ಯಾವಾಗಿಂದ?” ಎಂದರು ಜಯರಾಮಪ್ಪನವರು. ಅದು ಅವರಿಗೇ ಕೇಳದಷ್ಟು ಸಣ್ಣ ದನಿ.

“ಯಾವಾಗಿಂದ ಏನ್ರೀ, ಎರಡನೇ ದಿನದಿಂದ. ಮೊದಲನೇ ದಿನವೇ ಆ ಕಾವಿಗೆ ಕಡೇ ಸ್ಟ್ಯಾಂಡಿನ ಹುಳ ಎಲೆ ಬಿಟ್ಟು ತಲೆ ಎತ್ತಿ ಆಡುಸ್ತಾ ಇದ್ವು. ಪಾಪ ಅನ್ನಿಸ್ತು. ಕೊಳವೆ ಮುಟ್ಟಿ ನೋಡಿದ್ರೆ ಬೆಚ್ಚಗೇ ಐತೆ. ಇದ್ಯಾಕೆ ದಂಡ, ಬಚ್ಚಲಿಗಾದ್ರೂ ಆಗ್ಲಿ ಅಂತ.”

“ಪಿನ್ನೀ,” ಎಂದಳು ಭಾನುಪ್ರಿಯಾ, ಚಿಕ್ಕಮ್ಮನನ್ನು ಕರೆಯುವಂತೆ, “ಎರಡು ಚಳಿಗಾಲವೂ? ಹುಳುಮನೆಗೆ ಬರೀ ಕೊಳವೆ?”

“ಬರೀ ಕೊಳವೆ. ಇಪ್ಪತ್ತೈದರ ಕೆಳಗೆ ಒಂದಿನ ಇಳಿದಿಲ್ಲ. ಬೇಕಾದ್ರೆ ಇವರನ್ನೇ ಕೇಳು, ದಿನಾ ನೋಡೋರು ಅವರೇ.”

“ನನಗೆ ಹೇಳ್ಬಾರ್ದಿತ್ತೇನೇ?” ಎಂದರು ಜಯರಾಮಪ್ಪನವರು.

“ನೀವು ನನಗೆ ಹೇಳಿದ್ರಾ, ಬೇವಿನ ಹಿಂಡಿ ಚೀಲದಲ್ಲಿ ಏನೈತೆ ಅಂತ?” ಅಶ್ವತ್ಥಮ್ಮ ಸೊಂಟಕ್ಕೆ ಕೈ ಕೊಟ್ಟರು. “ಹುಳದ ಬಿಸಿನೀರು ಒಂದು ಚೊಂಬೂ ಮುಟ್ಬಾರ್ದು ಅಂತ ಟ್ಯಾಂಕಿಗೆ ಬೀಗ ಹಾಕಿದ್ರಲ್ಲ, ಮತ್ತೆ ನೀವು ದಿನಾ ಬೆಳಿಗ್ಗೆ ಉಸ್ಸಪ್ಪಾ ಅಂತ ಹುಯ್ಕೊಳ್ಳೋ ನೀರು ಎಲ್ಲಿಂದ ಬರ್ತಿತ್ತು ಅಂದ್ಕೊಂಡ್ರಿ? ಮದುವೆಯಾಗಿ ಮೂವತ್ನಾಕು ವರ್ಷದಲ್ಲಿ ಒಂದಿನ ಕೇಳಿದ್ರಾ?”

ಮೊದಲು ನಕ್ಕವನು ಕೊಂಡಪ್ಪ. ಫಲಕವನ್ನು ಎದೆಗೆ ಅವುಚಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಆಮೇಲೆ ಉಳಿದ ಹನ್ನೊಂದೂ ಜನ. ಹುಳುವನ್ನು ಸೂರ್ಯ ಕಾಯಿಸಿದ್ದ, ಸೋಲಾರ್ ಜಯರಾಮಪ್ಪನವರನ್ನು ಇದ್ದಿಲು ಕಾಯಿಸಿತ್ತು. ಚಿಂತಾಮಣಿಯ ಸಭೆ, ಆ ಸ್ನಾನದ ನೀರಿನ ಮಾತು, ಆ ನಗು, ಎಲ್ಲ ಒಟ್ಟಿಗೆ ನೆನಪಾಗಿ ಅವರ ಕಿವಿ ಕೆಂಡವಾಯಿತು. ಬೆಳಿಗ್ಗೆ ಪಂಚೆಯ ಹಿಂದೆ ಮಾತ್ರ ಇದ್ದ ಕರೆ ಈಗ ಮೈಯೆಲ್ಲ ಹರಡಿದಂತಾಯಿತು. ಸುಳ್ಳು ಹೇಳಿದ್ದಕ್ಕೆ ಒಂದು ನಾಚಿಕೆ. ಆ ಸುಳ್ಳು ತನಗೇ ಗೊತ್ತಿಲ್ಲದೆ ನಿಜವಾಗಿದ್ದಕ್ಕೆ, ಅದೂ ಹೆಂಡತಿಯ ಕೈಯಿಂದ, ಇನ್ನೊಂದು. ಯಾವುದು ದೊಡ್ಡದೆಂದು ಅವರಿಗೆ ತಿಳಿಯಲಿಲ್ಲ.

ಭಾನುಪ್ರಿಯಾ ಗೀಟು ಎಳೆದ ಸಾಲಿನ ಕೆಳಗೆ ಮತ್ತೆ ಬರೆದಳು. ಈ ಸಲವೂ ಓದಿ ಹೇಳಿದಳು: “ಎರಡು ಚಳಿಗಾಲ, ಬೆಂಕಿ ಇಲ್ಲದೆ. ಅಶ್ವತ್ಥಮ್ಮ ಪಿನ್ನಿ ಮಾತು.” ಒಂದು ಕ್ಷಣ ಯೋಚಿಸಿ ಸೇರಿಸಿದಳು, “ಮೊದಲು ಹತ್ತು ಮನೆ. ಆಮೇಲೆ ಉಳಿದೋರು. ಸರೀನಾ ಕೊಂಡಪ್ಪಣ್ಣ?”

“ಹತ್ತರಲ್ಲಿ ನಮ್ಮನೇದೂ ಒಂದು ಬರ್ಕೋ,” ಎಂದ ಕೊಂಡಪ್ಪ.

ಹರಿಕೃಷ್ಣನಿಗೆ ಜೀವ ಬಂತು. ಫೋನು ಮತ್ತೆ ಎತ್ತಿದ, ಈ ಸಲ ವಿಡಿಯೋಕ್ಕೆ. “ಕೊಂಡಪ್ಪನೋರೇ, ಫಲಕ ಅವರಿಗೆ ಕೊಡಿ. ಒಂದು ಪ್ರಶ್ನೆ ಕೇಳಿ. ಚೆನ್ನಾಗಿರುತ್ತೆ.”

ಕೊಂಡಪ್ಪ ಫಲಕ ಕೊಡಲು ಹೋದ. ಜಯರಾಮಪ್ಪನವರ ಕೈ ಖಾಲಿ ಇರಲಿಲ್ಲ. ಅವರು ಕುಕ್ಕರಗಾಲಲ್ಲಿ ಕೂತು ಅಂಗಳದಲ್ಲಿ ಚೆಲ್ಲಿದ್ದ ಇದ್ದಿಲನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕುತ್ತಿದ್ದರು. ಹೊಸ ಪಂಚೆಯ ಮೊಣಕಾಲು ಆಗಲೇ ಕಪ್ಪಾಗಿತ್ತು.

“ಅಣ್ಣಾ,” ಎಂದ ಕೊಂಡಪ್ಪ, “ಈಗ ಎಲ್ಲಾ ಗೊತ್ತಾಯ್ತಲ್ಲ. ಇವತ್ತಿಂದ ಇದ್ದಿಲು ಬಿಡ್ತೀರಾ ತಾನೇ?”

ಹರಿಕೃಷ್ಣ ಫೋನನ್ನು ಇನ್ನಷ್ಟು ಹತ್ತಿರ ತಂದ. ಜಯರಾಮಪ್ಪನವರು ಚೀಲದ ಬಾಯಿ ಅಗಲಿಸಿ ಒಳಗೆ ನೋಡಿದರು.

“ಬಿಡೋದೇ ಕೊಂಡಪ್ಪಾ,” ಎಂದರು. “ಆದ್ರೆ ಇನ್ನೂ ಅರ್ಧ ಚೀಲ ಐತಲ್ಲಾ.”